ಅಮ್ಮನ ಅಧಿಕಾರ ಪತ್ರ: ಮೂವರ ಹೆಸರು, ಯಾರ ಸಹಿ?

ಓದುಗರ ಪತ್ರದ ಸಾರ: 78 ವರ್ಷದ ನನ್ನ ತಾಯಿ ತೀರ್ಥಹಳ್ಳಿ ಸಮೀಪದ ಊರಿನಲ್ಲಿ ನನ್ನೊಡನೆ ಇದ್ದಾರೆ. ಮನೆ, ಅಡಿಕೆ ತೋಟ, ತಂದೆಯವರ ಕುಟುಂಬ ಪಿಂಚಣಿ ಎಲ್ಲವೂ ಅವರ ಹೆಸರಿನಲ್ಲಿವೆ. ಇತ್ತೀಚೆಗೆ ಮರೆವು ಶುರುವಾಗಿದ್ದು, ಡಿಮೆನ್ಷಿಯಾದ ಆರಂಭವಿರಬಹುದೆಂದು ವೈದ್ಯರು ಹೇಳಿದ್ದಾರೆ. ಅಣ್ಣ ಬೆಂಗಳೂರಿನಲ್ಲಿದ್ದಾರೆ, ತಮ್ಮ ಅಮೆರಿಕದಲ್ಲಿದ್ದಾನೆ. ಮೂವರ ಹೆಸರಿಗೂ ಸೇರಿಸಿ ಒಂದು ಜಿಪಿಎ (ಅಮ್ಮನ ಪರವಾಗಿ ವ್ಯವಹರಿಸಲು ಅಧಿಕಾರ ಕೊಡುವ ಪತ್ರ) ಮಾಡಿಸಿಟ್ಟರೆ ಅಮ್ಮನಿಗೆ ಮುಂದೆ ಏನೇ ಆದರೂ ವ್ಯವಹಾರ ನಿಲ್ಲುವುದಿಲ್ಲ, ಯಾರಿಗೂ ಅನುಮಾನವೂ ಉಳಿಯುವುದಿಲ್ಲ ಎಂಬುದು ಅವರಿಬ್ಬರ ಅಭಿಪ್ರಾಯ. ಸಣ್ಣ ಕೆಲಸಕ್ಕೂ ಇಬ್ಬರ ಸಹಿಗೆ ಕಾಯಬೇಕಾದೀತೆಂಬ ಭಯ ನನ್ನದು. ಏನು ಮಾಡಲಿ?

ಸಂಪಾದಕರ ಉತ್ತರ:

ಮಾನ್ಯರೆ,

ನಿಮ್ಮ ಭಯಕ್ಕೆ ಉತ್ತರ ಹೇಳುವ ಮೊದಲು ನಿಮ್ಮ ಸಹೋದರರ ನಂಬಿಕೆಯೊಂದನ್ನು ತಿದ್ದಬೇಕಾಗಿದೆ. ‘ಮುಂದೆ ಏನೇ ಆದರೂ’ ಎಂಬ ಮಾತು ನಮ್ಮ ದೇಶದ ಕಾನೂನಿಗೆ ಹೊಂದುವುದಿಲ್ಲ. 1872ರ ಕರಾರು ಕಾಯ್ದೆಯ 201ನೇ ಕಲಮಿನ ಪ್ರಕಾರ, ಅಧಿಕಾರ ಕೊಟ್ಟವರು ತೀರಿಕೊಂಡಾಗ ಮಾತ್ರವಲ್ಲ, ಅವರ ಬುದ್ಧಿ ಸ್ವಸ್ಥವಾಗಿ ಉಳಿಯದಿದ್ದಾಗಲೂ ಆ ಅಧಿಕಾರ ಕೊನೆಗೊಳ್ಳುತ್ತದೆ. ಅಮೆರಿಕದ ರಾಜ್ಯಗಳಲ್ಲಿಯೂ ಬ್ರಿಟನ್ನಿನಲ್ಲಿಯೂ ಅಂಥ ಸ್ಥಿತಿಯಲ್ಲಿ ಊರ್ಜಿತವಾಗಿ ಉಳಿಯುವ ಬೇರೆ ಬಗೆಯ ಅಧಿಕಾರ ಪತ್ರಗಳಿವೆ. ನಿಮ್ಮ ತಮ್ಮನವರ ಮನಸ್ಸಿನಲ್ಲಿ ಇರುವುದು ಪ್ರಾಯಶಃ ಅದೇ. ಭಾರತದಲ್ಲಿ ಅಂಥ ಪತ್ರಕ್ಕೆ ಕಾನೂನು ಇನ್ನೂ ಬಂದಿಲ್ಲ. ಮೂವರ ಹೆಸರಿರಲಿ, ಒಬ್ಬರ ಹೆಸರಿರಲಿ, ನೀವು ಮಾಡಿಸುವ ಜಿಪಿಎ ನಿಮಗೆ ಅತ್ಯಂತ ಅಗತ್ಯವಾಗುವ ಹೊತ್ತಿಗೇ ಬೆಲೆ ಕಳೆದುಕೊಳ್ಳುತ್ತದೆ.

ಆ ಹಂತ ತಲುಪಿದ ಮೇಲಿನ ದಾರಿ ಸುಲಭದ್ದಲ್ಲ. 1987ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಇಂಥವರ ಆಸ್ತಿಯ ನಿರ್ವಹಣೆಗೆ ಜಿಲ್ಲಾ ನ್ಯಾಯಾಲಯದ ಮೂಲಕ ವ್ಯವಸ್ಥೆ ಮಾಡಿಕೊಳ್ಳುವ ಅವಕಾಶವಿತ್ತು. ಅದರ ಜಾಗಕ್ಕೆ ಬಂದ 2017ರ ಕಾಯ್ದೆ ಚಿಕಿತ್ಸೆಯ ವಿಷಯವನ್ನು ವಿವರವಾಗಿ ಹೇಳಿ, ಆಸ್ತಿಯ ಪ್ರಶ್ನೆಯನ್ನು ಕೈಬಿಟ್ಟಿತು. ಆದ್ದರಿಂದ ಕುಟುಂಬಗಳು ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ಹೋಗಿ, ತಮ್ಮನ್ನು ಪಾಲಕರಾಗಿ ನೇಮಿಸಬೇಕೆಂದು ಕೇಳಿಕೊಳ್ಳಬೇಕಾಗಿದೆ. ಕೋಮಾದಲ್ಲಿರುವವರ ವಿಷಯದಲ್ಲಿ ಕೇರಳ ಹೈಕೋರ್ಟು 2019ರಲ್ಲಿ ಇದಕ್ಕೊಂದು ಕ್ರಮವನ್ನು ಹಾಕಿಕೊಟ್ಟಿತು. ದಾರಿಯೇನೋ ಇದೆ, ಆದರೆ ವಕೀಲರ ಖರ್ಚು, ವೈದ್ಯಕೀಯ ತಪಾಸಣೆ, ವಾಯಿದೆಗಳ ನಡುವೆ ತೋಟದ ಕೊಯ್ಲು ಕಾಯುತ್ತ ಕೂರುವುದಿಲ್ಲ.

ಹಾಗೆಂದು ಈಗ ಕೈಚೆಲ್ಲಬೇಕಾಗಿಲ್ಲ. ಮರೆವು ಶುರುವಾಯಿತೆಂದ ಮಾತ್ರಕ್ಕೆ ನಿಮ್ಮ ತಾಯಿಯವರ ಸಹಿಗೆ ಬೆಲೆ ಇಲ್ಲವೆಂದಾಗುವುದಿಲ್ಲ. ತಾವು ಏನು ಬರೆದುಕೊಡುತ್ತಿದ್ದೇವೆ, ಅದರಿಂದ ತಮಗೆ ಆಗುವ ಒಳಿತು ಕೆಡುಕು ಏನು ಎಂಬುದನ್ನು ಸಹಿ ಹಾಕುವ ಹೊತ್ತಿನಲ್ಲಿ ಅರಿತಿದ್ದರೆ ಸಾಕೆಂದು ಕರಾರು ಕಾಯ್ದೆಯ 12ನೇ ಕಲಮು ಹೇಳುತ್ತದೆ. ಸಹಿಯ ದಿನವೇ, ಅಥವಾ ಅದಕ್ಕೆ ತೀರ ಹತ್ತಿರದಲ್ಲಿ, ಅವರನ್ನು ನೋಡುತ್ತಿರುವ ವೈದ್ಯರಿಂದ ಈ ಬಗ್ಗೆ ಲಿಖಿತ ಪ್ರಮಾಣ ಪತ್ರ ಪಡೆಯಿರಿ. ನೋಟರಿಯ ಮುದ್ರೆಗೆ ನಿಲ್ಲದೆ ಉಪನೋಂದಣಾಧಿಕಾರಿಯ ಮುಂದೆಯೇ ಪತ್ರ ಮಾಡಿಸುವುದು ಲೇಸು. ಕಚೇರಿಗೆ ಬರಲು ಶಕ್ತಿಯಿಲ್ಲದವರ ಮನೆಗೇ ಅಧಿಕಾರಿ ಬರಲು 1908ರ ನೋಂದಣಿ ಕಾಯ್ದೆಯಲ್ಲಿ ಅವಕಾಶವಿದೆ. ಪತ್ರ ಬರೆಸುವ ಮೊದಲು ವಕೀಲರು ನಿಮ್ಮ ತಾಯಿಯವರೊಡನೆ, ಮಕ್ಕಳಾರೂ ಎದುರಿಗಿಲ್ಲದೆ, ಒಮ್ಮೆ ಮಾತನಾಡಲಿ. ನಿಮ್ಮ ಪತ್ರದಲ್ಲಿ ಮೂವರು ಮಕ್ಕಳ ಅಭಿಪ್ರಾಯವಿದೆ. ತಾಯಿಯವರ ಅಭಿಪ್ರಾಯ ಎಲ್ಲಿಯೂ ಕಾಣಲಿಲ್ಲವೆಂಬುದನ್ನು ಸಂಕೋಚದಿಂದಲೇ ಹೇಳುತ್ತಿದ್ದೇನೆ.

ಇನ್ನು ಮೂವರ ಸಹಿಯ ಪ್ರಶ್ನೆ. ಪತ್ರದಲ್ಲಿ ಬರಿದೇ ಮೂರು ಹೆಸರು ಬರೆದುಬಿಟ್ಟರೆ, ಎಲ್ಲರೂ ಸೇರಿಯೇ ಸಹಿ ಮಾಡಬೇಕೆಂದು ಬ್ಯಾಂಕಿನವರು ಓದುತ್ತಾರೆ. ಆಗ ಔಷಧದ ಬಿಲ್ಲಿಗೂ ಅಮೆರಿಕದಿಂದ ಸಹಿ ಬರಬೇಕು. ‘ಜಂಟಿಯಾಗಿ ಅಥವಾ ಪ್ರತ್ಯೇಕವಾಗಿ’ ಎಂದು ಬರೆಸಿದರೆ ಯಾರೊಬ್ಬರೂ ಒಂಟಿಯಾಗಿ ಎಲ್ಲವನ್ನೂ ಮಾಡಬಲ್ಲರು, ಅನುಮಾನ ಹುಟ್ಟುವುದು ಅಲ್ಲಿಯೇ. ನನ್ನ ಮಟ್ಟಿಗೆ ಹೇಳುವುದಾದರೆ ಈ ಎರಡೂ ನಿಮಗೆ ಬೇಡ. ಉಳಿತಾಯದ ಖಾತೆ, ಆಸ್ಪತ್ರೆ, ವಿದ್ಯುತ್ ಬಿಲ್ಲು, ತೋಟದ ಆಳುಗಳ ಕೂಲಿ, ಅಡಿಕೆ ಮಂಡಿಯ ಲೆಕ್ಕ ಇವಿಷ್ಟಕ್ಕೆ ಜೊತೆಯಲ್ಲಿರುವ ನಿಮಗೊಬ್ಬರಿಗೇ ಅಧಿಕಾರವಿರಲಿ. ಗೊತ್ತುಪಡಿಸಿದ ಮೊತ್ತಕ್ಕಿಂತ ದೊಡ್ಡ ಖರ್ಚು, ಠೇವಣಿ ಮುರಿಯುವುದು, ತೋಟದ ಫಸಲನ್ನು ಗುತ್ತಿಗೆಗೆ ಕೊಡುವುದು ಇಂಥವಕ್ಕೆ ನಿಮ್ಮ ಸಹಿಯ ಜೊತೆಗೆ ಬೆಂಗಳೂರಿನ ಅಣ್ಣನವರ ಸಹಿಯೂ ಬೇಕೆಂದು ಬರೆಸಿರಿ. ಮಾರಾಟ, ದಾನ, ಅಡಮಾನದ ಅಧಿಕಾರವನ್ನು ಯಾರಿಗೂ ಕೊಡಬೇಡಿ. ಜಿಪಿಎಯಿಂದ ಆಸ್ತಿಯ ಒಡೆತನ ಕೈಬದಲಾಗುವುದಿಲ್ಲವೆಂದು ಸುಪ್ರೀಂ ಕೋರ್ಟು 2011ರಲ್ಲಿಯೇ ಸ್ಪಷ್ಟಪಡಿಸಿದ್ದರೂ, ಅಂಥದೊಂದು ಸಾಲು ಪತ್ರದಲ್ಲಿದ್ದರೆ ಒಡಹುಟ್ಟಿದವರ ನಡುವೆ ಅದು ಮುಳ್ಳಾಗಿಯೇ ಇರುತ್ತದೆ.

ತಮ್ಮನವರಿಗೆ ಇದರಲ್ಲಿ ಅಧಿಕಾರವಿಲ್ಲವೆಂದು ಬೇಸರವಾದೀತು. ಅವರಿಗೆ ಬೇಕಾದದ್ದು ಸಹಿಯೋ ಮಾಹಿತಿಯೋ ಎಂದು ನೇರವಾಗಿಯೇ ಕೇಳಿ. ಮಾಹಿತಿಯಾದರೆ ಅದನ್ನು ಪತ್ರದಲ್ಲಿಯೇ ಕೊಡಬಹುದು: ಪ್ರತಿ ಮೂರು ತಿಂಗಳಿಗೊಮ್ಮೆ ಪಾಸ್‌ಬುಕ್ಕಿನ ನಕಲನ್ನೂ ಮಂಡಿಯ ಪಟ್ಟಿಯನ್ನೂ ಇಬ್ಬರು ಸಹೋದರರಿಗೂ ಕಳುಹಿಸತಕ್ಕದ್ದು ಎಂದು ಬರೆಸಿರಿ. ತಾಯಿಯವರು ಕೇಳಿದಾಗ ಲೆಕ್ಕ ಒಪ್ಪಿಸುವುದು ಕರಾರು ಕಾಯ್ದೆಯ 213ನೇ ಕಲಮಿನ ಪ್ರಕಾರ ಹೇಗಿದ್ದರೂ ನಿಮ್ಮ ಕರ್ತವ್ಯ. ಅದನ್ನು ಅವಮಾನವೆಂದು ಭಾವಿಸಬೇಡಿ. ನಾಳೆ ಯಾರಾದರೂ ಬೆರಳು ತೋರಿಸಿದರೆ ನಿಮ್ಮನ್ನು ಕಾಯುವುದು ಆ ಲೆಕ್ಕವೇ.

ಜಿಪಿಎ ಬಿದ್ದುಹೋದ ಮೇಲೂ ದಿನದ ಖರ್ಚು ನಿಲ್ಲದಂತೆ, ತಾಯಿಯವರು ಒಪ್ಪಿದರೆ, ಉಳಿತಾಯದ ಒಂದು ಭಾಗವನ್ನು ‘ಇಬ್ಬರಲ್ಲಿ ಯಾರಾದರೂ ಅಥವಾ ಬದುಕುಳಿದವರು’ ಎಂಬ ಷರತ್ತಿನ ಜಂಟಿ ಖಾತೆಗೆ ಈಗಲೇ ಹಾಕಿಸಿರಿ, ಮತ್ತು ಅದು ನಿಮಗೆ ಕೊಟ್ಟ ಉಡುಗೊರೆಯಲ್ಲವೆಂದು ಮೂವರೂ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿಕೊಳ್ಳಿರಿ. ಚಿಕಿತ್ಸೆಯ ನಿರ್ಧಾರಗಳು ಜಿಪಿಎಗೆ ಸೇರಿದವಲ್ಲ. ಜೀವದ ಕೊನೆಯ ಹಂತದಲ್ಲಿ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬುದನ್ನು ತಾಯಿಯವರು ಮೊದಲೇ ಬರೆದಿಡಬಹುದು. ಸುಪ್ರೀಂ ಕೋರ್ಟು 2018ರಲ್ಲಿ ಒಪ್ಪಿದ ಈ ಕ್ರಮವನ್ನು 2023ರಲ್ಲಿ ಸರಳಗೊಳಿಸಿದೆ; ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ತಮ್ಮ ಪರವಾಗಿ ಮಾತನಾಡುವವರೆಂದು ಒಬ್ಬರಿಗಿಂತ ಹೆಚ್ಚು ಮಂದಿಯನ್ನು ಅದರಲ್ಲಿ ಹೆಸರಿಸಬಹುದಾದ್ದರಿಂದ, ಮೂವರ ಹೆಸರನ್ನೂ ಸೇರಿಸಬೇಕೆಂಬ ನಿಮ್ಮ ಸಹೋದರರ ಆಸೆಗೆ ಸರಿಯಾದ ಜಾಗ ಆ ಪತ್ರ.