ಡ್ರಗಾರ್ನ್ ವೌರ್‌ಗೆ ನೇರ ಗೆರೆ ಎಳೆಯಬೇಡಿ ಸರ್

ಸರ್, ನೀವು ಹಾಕಿದ ಮ್ಯಾಪ್ ನೋಡಿ ಸುಮ್ನಿರಲು ಆಗಲಿಲ್ಲ. ವೇಲ್ಸ್‌ನ ಡ್ರಗಾರ್ನ್ ವೌರ್ ಬೆಟ್ಟ ಹತ್ತಲು ಕ್ಲೈರ್ವೆನ್ ಅಣೆಕಟ್ಟಿನ ಹತ್ತಿರ ಕಾರು ಬಿಟ್ಟು ತುದಿಗೆ ನೇರ ಗೆರೆ ಎಳೆದಿದ್ದೀರಿ. "ಐದೇ ಕಿಲೋಮೀಟರ್, ಭಾಮೈದನ ಜೊತೆ ಹೋಗಿ ಊಟಕ್ಕೆ ವಾಪಸ್" ಅಂತ ಬೇರೆ. ನಾನೂ ಹೀಗೇ ಗೆರೆ ಎಳೆದವನೇ. ಕೊನೆಯ ಎರಡು ಕಿಲೋಮೀಟರ್‌ಗೆ ಎರಡು ಗಂಟೆ ಹಿಡಿಯಿತು.

ಎತ್ತರ ಬರೀ 640 ಮೀಟರ್ ಚಿಲ್ಲರೆ, ಮುಳ್ಳಯ್ಯನಗಿರಿಯ ಮೂರನೇ ಒಂದು ಪಾಲು. ಕಷ್ಟ ಏರಿನಲ್ಲಿಲ್ಲ, ಹುಲ್ಲಿನಲ್ಲಿದೆ. ಕುದುರೆಮುಖದ ಹುಲ್ಲುಗಾವಲು ಅಂದುಕೊಳ್ಳಬೇಡಿ. ಈ ಮೊಲಿನಿಯಾ ಹುಲ್ಲು ಮೊಣಕಾಲೆತ್ತರ ಗುಪ್ಪೆ ಗುಪ್ಪೆಯಾಗಿ ಬೆಳೆಯುತ್ತದೆ. ಗುಪ್ಪೆ ಮೇಲೆ ಕಾಲಿಟ್ಟರೆ ವಾಲುತ್ತದೆ, ನಡುವೆ ಇಟ್ಟರೆ ಕೆಸರು. ನನ್ನ ಎಡಗಾಲು ತೊಡೆಯವರೆಗೆ ಹೂತುಹೋಯಿತು. ಎಳೆದಾಗ ಕಾಲು ಬಂತು, ಶೂ ಬರಲಿಲ್ಲ. ಬೋರಲು ಮಲಗಿ, ಭುಜದವರೆಗೆ ಕೈ ಇಳಿಸಿ, ಕಪ್ಪು ರಾಡಿಯಲ್ಲಿ ತಡಕಾಡಿ ತೆಗೆದೆ. ಒಂದು ಕುರಿ ಮೇಯುವುದು ಬಿಟ್ಟು ನನ್ನನ್ನೇ ನೋಡುತ್ತಿತ್ತು.

ಆ ಕುರಿಯಿಂದಲೇ ಪಾಠ ಕಲಿತೆ. ರಿಯುನಂಟ್ ಹಳ್ಳದ ಪಕ್ಕದ ಹಳೇ ಗಣಿ ದಾರಿ ಹಿಡಿಯಿರಿ, ಸುತ್ತಾದರೂ ಸರಿ. ಗಣಿಯ ಪಾಳು ಗೋಡೆ ದಾಟಿದ ಮೇಲೆ ದಾರಿ ಮಸುಕಾಗುತ್ತದೆ. ಅಲ್ಲಿಂದ ಕುರಿ ಹಿಕ್ಕೆ ನೋಡಿಕೊಂಡು ನಡೆಯಿರಿ. ನಗಬೇಡಿ! ಹಿಕ್ಕೆ ಜಾಸ್ತಿ ಬಿದ್ದಿದ್ದರೆ ಹುಲ್ಲು ಗಿಡ್ಡ, ನೆಲ ಗಟ್ಟಿ. ಹೊಳೆಯುವ ಎಳೆ ಹಸಿರು ಪಾಚಿ ಕಂಡರೆ ಮಾತ್ರ ಕಾಲಿಡಲೇಬೇಡಿ. ಅನುಮಾನ ಬಂದರೆ ಮೊದಲು ಕೋಲು ಚುಚ್ಚಿ. ಜೋರು ಮಳೆಯಾದ ಮರುದಿನ ಹಳ್ಳ ತುಂಬಿರುತ್ತದೆ, ಆಗ ಇದ್ಯಾವುದೂ ನಡೆಯಲ್ಲ, ಮನೆಯಲ್ಲಿರಿ.

ವಾಟರ್‌ಪ್ರೂಫ್ ಶೂ ಇದೆ ಅಂತ ಬೀಗಬೇಡಿ. ನೀರು ಮೇಲಿಂದ ಒಳಗೆ ಬಂದರೆ ಅದೊಂದು ಬಕೆಟ್ಟು. ಶೂ ಬಾಯಿ ಮುಚ್ಚುವಂತೆ ಕಾಲಿಗೆ ಗೇಟರ್ ಎಂಬ ಹೊದಿಕೆ ಕಟ್ಟಿ. ನನ್ನ ಕೇಳಿದರೆ ಹಗುರ ಶೂ, ಒಳಗೆ ನೀರು ಬಿಡದ ಸೀಲ್‌ಸ್ಕಿನ್ಜ್ ಸಾಕ್ಸ್, ಅಷ್ಟು ಸಾಕು.

ಬರೀ ಫೋನ್ ನಂಬಿ ಹೋಗುವವರನ್ನು ಕಂಡರೆ ನನಗೆ ಸಿಟ್ಟು. ಈ ಪ್ರದೇಶದ ಕಾಗದದ ಮ್ಯಾಪ್ (ಲ್ಯಾಂಡ್‌ರೇಂಜರ್ ಸರಣಿಯ 147ನೇದು), ಸಿಲ್ವಾ ದಿಕ್ಸೂಚಿ ಇಟ್ಟುಕೊಳ್ಳಿ. ತುದಿಯ ಎರಡು ಜೇನುಗೂಡಿನಂಥ ಕಲ್ಲುಗುಡ್ಡೆಗಳು ಮೈಲಿಗಟ್ಟಲೆ ದೂರದಿಂದ ಕಾಣುತ್ತವೆ ನಿಜ. ಮಂಜು ಇಳಿದರೆ ಹತ್ತು ಹೆಜ್ಜೆ ಮುಂದಿದ್ದರೂ ಕಾಣಲ್ಲ. ತೊಂದರೆಯಾದರೆ ಅಲ್ಲಿನ ತುರ್ತು ನಂಬರ್ 999, ಮೊದಲು ಪೊಲೀಸ್ ಕೇಳಿ, ಆಮೇಲೆ ಮೌಂಟನ್ ರೆಸ್ಕ್ಯೂ. ಸಿಗ್ನಲ್ ಸರಿಯಾಗಿ ಸಿಗಲ್ಲ, ಎಸ್‌ಎಂಎಸ್‌ನಲ್ಲೂ 999ಕ್ಕೆ ತಿಳಿಸಬಹುದು. ಅದಕ್ಕೆ ಮನೆಯಲ್ಲೇ ನೋಂದಾಯಿಸಿಕೊಂಡು ಹೊರಡಿ.

ನಾಯಿ ಕರೆದುಕೊಂಡು ಹೋಗ್ತೀರಾ? ಮಾರ್ಚ್ 1ರಿಂದ ಜುಲೈ 31ರವರೆಗೆ ಎರಡು ಮೀಟರ್ ಒಳಗಿನ ಹಗ್ಗ ಕಡ್ಡಾಯ. ಸಂಜೆ ಕಾಲಿನ ಮಡಿಕೆಯಲ್ಲಿ ರಕ್ತ ಹೀರುವ ಉಣ್ಣೆ ಹುಳ ಹತ್ತಿದೆಯಾ ನೋಡಿಕೊಳ್ಳಿ, ನಾಯಿಗೂ ನಿಮಗೂ.

ಮ್ಯಾಪ್‌ನಲ್ಲಿ ಬೆಟ್ಟದ ಹೆಸರಿನ Fawr ನೋಡಿ 'ಫವರ್' ಅನ್ನಬೇಡಿ, ಅದು 'ವೌರ್'. ಅಲ್ಲಿನ ವೆಲ್ಷ್ ಭಾಷೆಯಲ್ಲಿ ಒಂಟಿ ಎಫ್ ಅಂದರೆ ವ.

ಕಾರಲ್ಲಿ ಒಣ ಸಾಕ್ಸ್ ಎರಡು ಜೊತೆ ಬಿಟ್ಟಿರಿ. ಭಾಮೈದ ಖಂಡಿತ ತಂದಿರಲ್ಲ.