ಸರಕಾರಿ ವಿಮೆಯ ಕಾರ್ಡ್ ಮತ್ತು ಊರಿನ ಆರೋಗ್ಯ ಕೇಂದ್ರ: ಕಾಸರಗೋಡಿನಿಂದ ಒಂದು ಉತ್ತರ

ಕೆಲಸದ ನಿಮಿತ್ತ ಘಟ್ಟದ ಮೇಲಿನಿಂದ ಮಂಜೇಶ್ವರ ತಾಲೂಕಿಗೆ ಬಂದು ನೆಲೆಸಿರುವ ನೀವು, ಜತೆಯಲ್ಲಿರುವ ತಾಯಿಯವರ ರಕ್ತದೊತ್ತಡಕ್ಕೂ ಸಕ್ಕರೆ ಕಾಯಿಲೆಗೂ ಔಷಧಿ ಬರೆಸಿಕೊಳ್ಳಲು ಸರಕಾರಿ ಆರೋಗ್ಯ ವಿಮೆಯ ಕಾರ್ಡ್ ನಡೆಯುವ ಕ್ಲಿನಿಕ್ ಇಲ್ಲಿ ಎಲ್ಲಿದೆ ಎಂದು ಕೇಳಿದ್ದೀರಿ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಅಂಥ ಕ್ಲಿನಿಕ್ಕನ್ನು ಹುಡುಕುತ್ತ ಅಲೆಯಬೇಡಿ, ನಿಮ್ಮ ಪಂಚಾಯತಿನ ಸರಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಿ. ನಿತ್ಯದ ಚಿಕಿತ್ಸೆಗೆ ಅಲ್ಲಿ ಕಾರ್ಡೇ ಬೇಕಾಗಿಲ್ಲ. ಕಾರ್ಡ್ ಬೇಕಾಗುವುದು ಆಸ್ಪತ್ರೆಯಲ್ಲಿ ದಾಖಲಾಗಬೇಕಾಗಿ ಬಂದಾಗ, ಮತ್ತು ಗಡಿನಾಡಿನಲ್ಲಿ ನಿಜವಾದ ತೊಡಕು ಇರುವುದೂ ಅಲ್ಲಿಯೇ. ಹೊಸದಾಗಿ ಬಂದವರು ಇವೆರಡನ್ನೂ ಒಂದೇ ಎಂದು ತಿಳಿದು, ಕಾರ್ಡ್ ಕೈಯಲ್ಲಿದ್ದೂ ತಿಂಗಳು ತಿಂಗಳು ಖಾಸಗಿ ಡಾಕ್ಟರಿಗೆ ಹಣ ತೆರುತ್ತಿರುವುದನ್ನು ನಾನು ಇಲ್ಲಿ ಬಹಳ ಕಂಡಿದ್ದೇನೆ. ಅದು ತಪ್ಪಬೇಕೆಂಬ ಕಾರಣಕ್ಕೆ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

2018ರ ಸೆಪ್ಟೆಂಬರಿನಲ್ಲಿ ಆರಂಭವಾದ ಕೇಂದ್ರದ ಆಯುಷ್ಮಾನ್ ಭಾರತ್ ಯೋಜನೆಯನ್ನು ಕರ್ನಾಟಕವು ತನ್ನದರೊಂದಿಗೆ ಸೇರಿಸಿ ‘ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ’ ಎಂಬ ಹೆಸರಿನಲ್ಲಿ ನಡೆಸುತ್ತಿದೆ. ಕೇರಳದಲ್ಲಿ ಅದು ‘ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿ’ ಆಗಿದೆ. ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಆ ಮೊತ್ತವಿರುವುದು ಒಳರೋಗಿಯಾಗಿ ದಾಖಲಾದವರ ಚಿಕಿತ್ಸೆಗೆ ಮತ್ತು ಡಯಾಲಿಸಿಸ್, ಕೀಮೋಥೆರಪಿಯಂತೆ ಪಟ್ಟಿಯಲ್ಲಿ ಸೇರಿರುವ ಒಂದು ದಿನದ ಚಿಕಿತ್ಸೆಗಳಿಗೆ. ದಾಖಲಾಗುವ ಮೊದಲಿನ 3 ದಿನ ಮತ್ತು ಮನೆಗೆ ಬಂದ ಮೇಲಿನ 15 ದಿನಗಳ ತಪಾಸಣೆ, ಔಷಧಿಗಳೂ ಅದರೊಳಗೇ ಬರುತ್ತವೆ. ಜ್ವರವೆಂದು ಡಾಕ್ಟರಿಗೆ ತೋರಿಸಿ ಮಾತ್ರೆ ತೆಗೆದುಕೊಂಡು ಬರುವ ಹೊರರೋಗಿ ಚಿಕಿತ್ಸೆ, ಇಲ್ಲಿ ಎಲ್ಲರೂ ಒ.ಪಿ. ಎನ್ನುವುದು, ಆ ವಿಮೆಯಲ್ಲಿ ಇಲ್ಲ. ಆದುದರಿಂದ ಉಪ್ಪಳ, ಹೊಸಂಗಡಿ, ಕುಂಬಳೆಗಳಲ್ಲಿ ಸಂಜೆ ಕುಳಿತುಕೊಳ್ಳುವ ಖಾಸಗಿ ಡಾಕ್ಟರುಗಳ ಕ್ಲಿನಿಕ್‌ನಲ್ಲಿ ಕಾರ್ಡ್ ಬೇಡವೆಂದರೆ ಅದು ನಿಮ್ಮ ಮೇಲಿನ ಅಸಡ್ಡೆಯಲ್ಲ. ವಿಮೆಯ ವ್ಯವಸ್ಥೆಯಲ್ಲಿ ಆ ಕ್ಲಿನಿಕ್‌ಗಳಿಗೆ ಸ್ಥಾನವೇ ಇಲ್ಲ.

ಹಾಗಾದರೆ ಬಡವರ ನಿತ್ಯದ ಕಾಯಿಲೆಗೆ ದಿಕ್ಕೇನು ಎಂಬ ಪ್ರಶ್ನೆಗೆ ಈ ಜಿಲ್ಲೆಯ ಉತ್ತರ ಪ್ರಾಥಮಿಕ ಆರೋಗ್ಯ ಕೇಂದ್ರ. 2017ರಲ್ಲಿ ಕೇರಳ ಸರಕಾರ ಆರ್ದ್ರಂ ಮಿಷನ್ ಆರಂಭಿಸಿ, ಮೊದಲ ಹಂತದಲ್ಲಿ ರಾಜ್ಯದ 170 ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಕುಟುಂಬ ಆರೋಗ್ಯ ಕೇಂದ್ರಗಳಾಗಿ ಮಾಡಲು ಆಯ್ದುಕೊಂಡಿತು. ಆ ಮೇಲೆ ಉಳಿದವೂ ಒಂದೊಂದಾಗಿ ಆ ಸಾಲಿಗೆ ಸೇರುತ್ತ ಬಂದವು. ಮಧ್ಯಾಹ್ನಕ್ಕೇ ಮುಗಿಯುತ್ತಿದ್ದ ಒ.ಪಿ.ಯನ್ನು ಸಂಜೆಯವರೆಗೆ ವಿಸ್ತರಿಸುವುದು, ಡಾಕ್ಟರುಗಳನ್ನೂ ನರ್ಸ್‌ಗಳನ್ನೂ ಹೆಚ್ಚಿಸುವುದು, ಪ್ರಯೋಗಾಲಯ ಕೊಡುವುದು ಆ ಬದಲಾವಣೆಯ ತಿರುಳು. ಎಲ್ಲ ಕಡೆಯೂ ಎಲ್ಲವೂ ಹೇಳಿದಂತೆ ನಡೆಯುತ್ತಿದೆ ಎಂದು ನಾನು ಹೇಳುವುದಿಲ್ಲ. ಜಿಲ್ಲೆಯ ಉತ್ತರದ ತುದಿಗೆ ನೇಮಕವಾದ ಡಾಕ್ಟರುಗಳು ವರ್ಗಾವಣೆ ಪಡೆದು ದಕ್ಷಿಣಕ್ಕೆ ಹೊರಟುಹೋಗುವುದು ಇಲ್ಲಿಯ ಹಳೆಯ ದುಃಖ, ಅದು ಇನ್ನೂ ಪೂರ್ತಿ ಹೋಗಿಲ್ಲ. ಆದರೂ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಉಬ್ಬಸ, ಗರ್ಭಿಣಿಯರ ತಪಾಸಣೆ, ಮಕ್ಕಳ ಚುಚ್ಚುಮದ್ದು, ಇಷ್ಟಕ್ಕೆ ಊರಿನ ಕೇಂದ್ರವನ್ನು ಬಿಟ್ಟು ಬೇರೆಡೆಗೆ ಹೋಗಬೇಕಾದ ಅಗತ್ಯ ಬಹುಮಟ್ಟಿಗೆ ಇಲ್ಲ.

ಅಲ್ಲಿಯ ಕ್ರಮ ಹೀಗಿರುತ್ತದೆ. ಬೆಳಿಗ್ಗೆ ಬಾಗಿಲ ಬಳಿಯ ಕೌಂಟರಿನಲ್ಲಿ ಕೆಲವೇ ರೂಪಾಯಿ ಕೊಟ್ಟು ಒ.ಪಿ. ಚೀಟಿ ಮಾಡಿಸಬೇಕು. ರೋಗಿಗಳ ವಿವರವನ್ನು ಕಂಪ್ಯೂಟರಿನಲ್ಲಿಡುವ ಇ-ಹೆಲ್ತ್ ವ್ಯವಸ್ಥೆ ಬಂದಿರುವ ಕೇಂದ್ರಗಳಲ್ಲಿ ಆಧಾರ್ ತೋರಿಸಿದರೆ ಒಂದು ಗುರುತಿನ ಸಂಖ್ಯೆ ಕೊಡುತ್ತಾರೆ, ಮುಂದೆ ಅದೊಂದನ್ನು ಹೇಳಿದರೆ ಸಾಕು. ಚೀಟಿ ಹಿಡಿದು ಕುಳಿತವರನ್ನು ಡಾಕ್ಟರ ಕೋಣೆಗೆ ಬಿಡುವ ಮೊದಲು ನರ್ಸ್ ಕರೆದು ರಕ್ತದೊತ್ತಡ, ತೂಕ ನೋಡಿ ಅದೇ ಚೀಟಿಯಲ್ಲಿ ಬರೆಯುತ್ತಾರೆ. ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡದವರಿಗಾಗಿ ಹೆಚ್ಚಿನ ಕೇಂದ್ರಗಳಲ್ಲಿ ವಾರದ ಒಂದು ನಿಗದಿತ ದಿನ ಜೀವನಶೈಲಿ ರೋಗಗಳ ಕ್ಲಿನಿಕ್ ಇರುತ್ತದೆ. ಆ ದಿನ ಯಾವುದೆಂದು ಮೊದಲೇ ಕೇಳಿಕೊಂಡು ಹೋದರೆ ರಕ್ತ ಪರೀಕ್ಷೆ, ಡಾಕ್ಟರ ಭೇಟಿ, ಮುಂದಿನ ಅವಧಿಯ ಮಾತ್ರೆ ಮೂರೂ ಒಂದೇ ಬರುವಿಕೆಯಲ್ಲಿ ಮುಗಿಯುತ್ತವೆ. ತಾಯಿಯವರು ಈಗ ನುಂಗುತ್ತಿರುವ ಮಾತ್ರೆಗಳ ಖಾಲಿ ಸ್ಟ್ರಿಪ್‌ಗಳನ್ನು ತಪ್ಪದೆ ಕೊಂಡುಹೋಗಿ. ಖಾಸಗಿ ಡಾಕ್ಟರು ಬರೆದ ಕಂಪನಿಯ ಹೆಸರು ಇಲ್ಲಿಯ ಔಷಧಿ ಕೌಂಟರಿನಲ್ಲಿ ಇರುವುದಿಲ್ಲ. ಒಳಗಿರುವ ಮೂಲ ಔಷಧಿ ಯಾವುದು, ಎಷ್ಟು ಮಿಲಿಗ್ರಾಂ ಎಂಬುದನ್ನು ಸ್ಟ್ರಿಪ್ ನೋಡಿಯೇ ತಿಳಿದು ಅದಕ್ಕೆ ಸಮನಾದುದನ್ನು ಕೊಡುತ್ತಾರೆ. ಹೆಸರೂ ಬಣ್ಣವೂ ಬದಲಾಯಿತೆಂದು ವಯಸ್ಸಾದವರು ಹೆದರಿ ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ನುಂಗಿದರೆ ಅಪಾಯ. ಆದುದರಿಂದ ಹಳೆಯದು ಉಳಿದಿದ್ದರೆ ಏನು ಮಾಡಬೇಕೆಂದು ಅಲ್ಲಿಯೇ ಕೇಳಿಕೊಳ್ಳಿ.

ಮಲಯಾಳ ಬಾರದ ವಿಷಯವನ್ನು ನೀವು ಸಂಕೋಚದಿಂದ ಬರೆದಿದ್ದೀರಿ, ಅದಕ್ಕೆ ಸಂಕೋಚ ಬೇಕಾಗಿಲ್ಲ. ಡಾಕ್ಟರು ಕೊಲ್ಲಂ ಅಥವಾ ತೃಶ್ಶೂರಿನ ಕಡೆಯವರಾಗಿದ್ದರೆ ಅವರಿಗೆ ಮಲಯಾಳ, ಇಂಗ್ಲಿಷ್ ಮಾತ್ರ ಬರುವುದುಂಟು. ಎದುರಿಗೆ ಕುಳಿತ ಮುದುಕಿಗೆ ತುಳುವೋ ಕನ್ನಡವೋ ಹವ್ಯಕವೋ ಮರಾಠಿಯೋ ಮಾತ್ರ ಬರುವುದುಂಟು. ನಡುವೆ ನಿಂತು ಕೆಲಸ ಸಾಗಿಸುವವರು ಸ್ಥಳೀಯ ನರ್ಸ್‌ಗಳು ಮತ್ತು ಆಶಾ ಕಾರ್ಯಕರ್ತೆಯರು. ಎದೆಯುರಿಗೂ ಎದೆನೋವಿಗೂ ಇರುವ ವ್ಯತ್ಯಾಸವನ್ನು ಡಾಕ್ಟರಿಗೆ ಸರಿಯಾಗಿ ತಲುಪಿಸುವ ಕೆಲಸವನ್ನು ಅವರು ದಿನವಿಡೀ ಮಾಡುತ್ತಾರೆ, ಅದರ ಬೆಲೆ ನನ್ನ ಲೆಕ್ಕದಲ್ಲಿ ಯಾವ ಯಂತ್ರೋಪಕರಣಕ್ಕಿಂತಲೂ ಕಡಿಮೆಯಲ್ಲ. ಔಷಧಿಯ ಕಾಗದದ ಲಕೋಟೆಯ ಮೇಲೆ 1-0-1 ಎಂದಷ್ಟೇ ಬರೆದಿರುತ್ತಾರೆ. ‘ಬೆಳಿಗ್ಗೆ, ರಾತ್ರಿ, ಊಟದ ನಂತರ’ ಎಂದು ನೀವು ಕೌಂಟರಿನ ಎದುರಿಗೇ ಕನ್ನಡದಲ್ಲಿ ಬರೆದುಕೊಂಡು ಅವರಿಂದ ಒಮ್ಮೆ ಸರಿಯೆನ್ನಿಸಿಕೊಳ್ಳಿ. ಇನ್ನು ಅರ್ಜಿ, ದೂರುಗಳ ಮಟ್ಟಿಗೆ ಹೇಳುವುದಾದರೆ, ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದಲ್ಲಿ ಕನ್ನಡಿಗರು ಸ್ಥಳೀಯ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿಯೇ ವ್ಯವಹರಿಸಬಹುದು, ಉತ್ತರವನ್ನೂ ಕನ್ನಡದಲ್ಲಿ ಪಡೆಯಬಹುದು ಎಂದು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯೇ ಹೇಳುತ್ತದೆ. ಈ ಹಕ್ಕನ್ನು ಬಳಸದೆ ಬಿಟ್ಟರೆ ಅದು ಕಾಗದದಲ್ಲಿ ಮಾತ್ರ ಉಳಿಯುತ್ತದೆ, ದಯವಿಟ್ಟು ಬಳಸಿ.

ಆಶಾ ಕಾರ್ಯಕರ್ತೆಯ ಪರಿಚಯವನ್ನು ನೀವು ಮೊದಲ ವಾರದಲ್ಲಿಯೇ ಮಾಡಿಕೊಳ್ಳಬೇಕು. ನಿಮ್ಮ ವಾರ್ಡಿನ ಆಶಾ ಯಾರೆಂದು ಪಕ್ಕದ ಮನೆಯವರು ಹೇಳುತ್ತಾರೆ. ಮಳೆಗಾಲದಲ್ಲಿ ಅಡಿಕೆ ತೋಟಗಳ ನಡುವೆ ಡೆಂಗಿಯೂ ಇಲಿಜ್ವರವೂ ಕಾಣಿಸಿಕೊಳ್ಳುವ ಊರುಗಳಿವು. ಕೆಸರು ನೀರಿನಲ್ಲಿ ಇಳಿದು ಕೆಲಸ ಮಾಡುವವರಿಗೆ ಇಲಿಜ್ವರ ಬಾರದಂತೆ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಆರೋಗ್ಯ ಕೇಂದ್ರದಿಂದ ಕೊಡುತ್ತಾರೆ, ತೋಟದಲ್ಲಿ ಬಿದ್ದ ಅಡಿಕೆ ಹಾಳೆಗಳಲ್ಲಿ ನಿಂತ ನೀರನ್ನು ಚೆಲ್ಲಿಸುವುದಕ್ಕೂ ಆಶಾ ಕಾರ್ಯಕರ್ತೆಯರೇ ಮನೆಮನೆಗೆ ಬರುತ್ತಾರೆ. ಹಾಸಿಗೆ ಹಿಡಿದವರ ಮನೆಗೆ ಪಂಚಾಯತಿನ ಉಪಶಮನ ಚಿಕಿತ್ಸೆಯ ನರ್ಸ್ ಬಂದು ಗಾಯ ತೊಳೆದು, ನಳಿಗೆ ಬದಲಿಸಿ ಹೋಗುವ ವ್ಯವಸ್ಥೆ ಕೇರಳದಲ್ಲಿ ಬಹಳ ವರ್ಷಗಳಿಂದಲೂ ಇದೆ, ಮತ್ತು ಅದು ನಿಜಕ್ಕೂ ನಡೆಯುತ್ತಿದೆ. ಎಣ್ಮಕಜೆಯಂಥ ಪಂಚಾಯತುಗಳಲ್ಲಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಎಂಡೋಸಲ್ಫಾನ್‌ನಿಂದ ಬಳಲಿದ ಕುಟುಂಬಗಳಿಗೆ ಇದೊಂದು ದೊಡ್ಡ ಆಸರೆ. ಅವರಿಗೆ ಪ್ರತ್ಯೇಕ ಪಟ್ಟಿಯೂ ಪ್ರತ್ಯೇಕ ಚಿಕಿತ್ಸಾ ನೆರವೂ ಇದೆ. ಅದು ನಿಮ್ಮ ಪ್ರಶ್ನೆಗೆ ಸೇರಿದ್ದಲ್ಲವಾದರೂ, ಇಲ್ಲಿ ಬಂದು ನೆಲೆಸಿದವರು ನೆರೆಮನೆಯ ಕಷ್ಟವನ್ನು ತಿಳಿದಿರಬೇಕೆಂದು ಹೇಳಿದೆ.

ಊರಿನ ಕೇಂದ್ರದ ಕೈಮೀರಿದಾಗ ಮುಂದಿನ ಮೆಟ್ಟಿಲುಗಳು ಸಮುದಾಯ ಆರೋಗ್ಯ ಕೇಂದ್ರ, ಮಂಗಲ್ಪಾಡಿಯ ತಾಲೂಕು ಆಸ್ಪತ್ರೆ, ಕಾಸರಗೋಡಿನ ಜನರಲ್ ಆಸ್ಪತ್ರೆ, ಕಾಞಂಗಾಡಿನ ಜಿಲ್ಲಾ ಆಸ್ಪತ್ರೆ. ಹಾವು ಕಚ್ಚಿದಾಗ ಸಣ್ಣ ಕೇಂದ್ರಗಳಲ್ಲಿ ಹೊತ್ತು ಕಳೆಯದೆ ವಿಷನಾಶಕ ಔಷಧಿಯಿರುವ ದೊಡ್ಡ ಆಸ್ಪತ್ರೆಗೆ ನೇರವಾಗಿ ಹೋಗಬೇಕು. ಹೃದಯ, ನರ, ಕ್ಯಾನ್ಸರುಗಳ ಮಾತು ಬಂದರೆ ಉತ್ತರ ಕಾಸರಗೋಡಿನ ಜನರ ಕಾಲು ತಾನಾಗಿಯೇ ಮಂಗಳೂರಿನ ಕಡೆಗೆ ತಿರುಗುತ್ತದೆ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರು; ಮಂಜೇಶ್ವರದವರಿಗಂತೂ ತಲಪಾಡಿ ದಾಟಿದರೆ ದೇರಳಕಟ್ಟೆಯ ವೈದ್ಯಕೀಯ ಕಾಲೇಜುಗಳು ಹತ್ತಿರ. 1956ರ ನವೆಂಬರ್ 1ರಂದು ಈ ಪ್ರದೇಶ ಕೇರಳಕ್ಕೆ ಸೇರಿತಾದರೂ ಚಿಕಿತ್ಸೆಯ ದಾರಿ ಬದಲಾಗಲಿಲ್ಲ. ಆ ದಾರಿಯೊಂದನ್ನೇ ನಂಬಿದರೆ ಏನಾಗುತ್ತದೆ ಎಂಬುದನ್ನು 2020ರ ಮಾರ್ಚಿನಲ್ಲಿ ಕಂಡೆವು. ಕೊರೊನಾ ಕಾಲದಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಆಂಬುಲೆನ್ಸುಗಳು ಹಿಂತಿರುಗಬೇಕಾಯಿತು, ತುರ್ತು ಚಿಕಿತ್ಸೆ ಸಿಗದೆ ಹಲವರು ಪ್ರಾಣ ಬಿಟ್ಟರು. ಕೇರಳ ಹೈಕೋರ್ಟ್ ಆದೇಶ ನೀಡಿ, ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ಏಪ್ರಿಲಿನಲ್ಲಿ ರೋಗಿಗಳನ್ನು ಬಿಡಲು ಎರಡು ರಾಜ್ಯಗಳೂ ಒಪ್ಪಬೇಕಾಯಿತು. ಕಟ್ಟಡದ ಹಂತದಲ್ಲಿಯೇ ನಿಂತಿದ್ದ ಉಕ್ಕಿನಡ್ಕದ ಸರಕಾರಿ ವೈದ್ಯಕೀಯ ಕಾಲೇಜು ಅದೇ ಏಪ್ರಿಲಿನಲ್ಲಿ ಕೋವಿಡ್ ಆಸ್ಪತ್ರೆಯಾಗಿ ತೆರೆಯಿತು. 2022ರಿಂದ ಅಲ್ಲಿ ಒ.ಪಿ. ಇದೆ. ಜಿಲ್ಲೆಯೊಳಗಿನ ಆಸ್ಪತ್ರೆಗಳು ಬಲವಾಗಬೇಕೆಂಬ ನಮ್ಮ ಒತ್ತಾಯಕ್ಕೆ ಆ ದಿನಗಳಿಗಿಂತ ಬೇರೆ ಸಾಕ್ಷ್ಯ ಬೇಕಾಗಿಲ್ಲ.

ಈಗ ಕಾರ್ಡಿನ ವಿಷಯಕ್ಕೆ ಬರುತ್ತೇನೆ. ನಿಮ್ಮ ತಾಯಿಯವರ ಕಾರ್ಡ್ ಕರ್ನಾಟಕದ್ದು. ಆಯುಷ್ಮಾನ್ ಭಾರತ್ ಫಲಾನುಭವಿಗೆ ಯಾವ ರಾಜ್ಯದಲ್ಲಿಯೂ ಯೋಜನೆಗೆ ಒಳಪಟ್ಟ ಆಸ್ಪತ್ರೆಯಲ್ಲಿ ಚಿಕಿತ್ಸೆ ಸಿಗಬೇಕೆಂಬುದು ಯೋಜನೆಯ ಮೂಲ ಕಲ್ಪನೆ. ಆದರೆ ಎರಡು ರಾಜ್ಯಗಳೂ ಕೇಂದ್ರದ ಪಟ್ಟಿಯವರ ಜತೆಗೆ ತಮ್ಮದೇ ಖರ್ಚಿನಲ್ಲಿ ಬೇರೆ ಕುಟುಂಬಗಳನ್ನೂ ಸೇರಿಸಿಕೊಂಡಿರುವುದರಿಂದ, ಒಂದೇ ಬಗೆಯಾಗಿ ಕಾಣುವ ಕಾರ್ಡ್ ಗಡಿಯಾಚೆಗೆ ಒಬ್ಬರಿಗೆ ನಡೆದು ಇನ್ನೊಬ್ಬರಿಗೆ ನಡೆಯದಿರಬಹುದು. ಆದಕಾರಣ ದಾಖಲಾಗುವ ಮೊದಲೇ ಆಸ್ಪತ್ರೆಯ ಯೋಜನಾ ಕೌಂಟರಿನಲ್ಲಿ ಆಧಾರ್ ಮತ್ತು ಕಾರ್ಡ್ ಕೊಟ್ಟು, ಈ ಹೆಸರಿಗೆ, ಈ ಚಿಕಿತ್ಸೆಗೆ, ಈ ಆಸ್ಪತ್ರೆಯಲ್ಲಿ ಅನುಮತಿ ಸಿಗುತ್ತದೆಯೇ ಎಂದು ಮೂರನ್ನೂ ಸೇರಿಸಿ ಕೇಳಬೇಕು. ‘ಇಲ್ಲಿ ಆಯುಷ್ಮಾನ್ ಇದೆಯೇ’ ಎಂದಷ್ಟೇ ಕೇಳಿದರೆ ಇದೆ ಎನ್ನುತ್ತಾರೆ, ಬಿಲ್ಲಿನ ದಿನ ನಿಮ್ಮ ಕಾಯಿಲೆಗೆ ಅಲ್ಲಿ ಮಾನ್ಯತೆಯಿಲ್ಲವೆಂದು ತಿಳಿಯುತ್ತದೆ. ನಮ್ಮ ಬಂಧುಗಳೊಬ್ಬರಿಗೆ ಹೀಗೆಯೇ ಆಗಿ, ಮುಂಗಡ ಕಟ್ಟಿದ ಹಣವೂ ವಾಪಸು ಬರಲಿಲ್ಲ. ಹಣ ಕಟ್ಟಿ ಆಮೇಲೆ ಮರಳಿ ಪಡೆಯುವ ವಿಮೆ ಇದಲ್ಲ, ಮೊದಲೇ ಅನುಮತಿಯಾಗಬೇಕು.

ಕರ್ನಾಟಕದ ಕಾರ್ಡಿನವರಿಗೆ ಇನ್ನೊಂದು ನಿಯಮವಿದೆ: ತುರ್ತು ಸಂದರ್ಭವನ್ನು ಬಿಟ್ಟರೆ ಮೊದಲು ಸರಕಾರಿ ಆಸ್ಪತ್ರೆಗೆ ತೋರಿಸಬೇಕು, ಅಲ್ಲಿ ಇಲ್ಲದ ಚಿಕಿತ್ಸೆಗೆ ಅಲ್ಲಿಯವರು ರೆಫರಲ್ ಚೀಟಿ ಕೊಟ್ಟರೆ ಮಾತ್ರ ಖಾಸಗಿ ಆಸ್ಪತ್ರೆಯಲ್ಲಿ ಕಾರ್ಡ್ ನಡೆಯುತ್ತದೆ. ಆದುದರಿಂದ ತಾಯಿಯವರಿಗೆ ಮುಂದೆ ಶಸ್ತ್ರಚಿಕಿತ್ಸೆ ಬೇಕಾದರೆ ನೇರವಾಗಿ ದೇರಳಕಟ್ಟೆಯ ಅಥವಾ ಕಂಕನಾಡಿಯ ಖಾಸಗಿ ಆಸ್ಪತ್ರೆಗಳಿಗೆ ಹೋಗದೆ ಮಂಗಳೂರಿನ ಸರಕಾರಿ ವೆನ್ಲಾಕ್ ಆಸ್ಪತ್ರೆಗೆ ಮೊದಲು ಹೋಗಿ. ಬಹಳಷ್ಟು ಚಿಕಿತ್ಸೆ ಅಲ್ಲಿಯೇ ಆಗುತ್ತದೆ. ಆಗದಿದ್ದುದಕ್ಕೆ ಅಲ್ಲಿಯ ಚೀಟಿ ಸಿಗುತ್ತದೆ. ಬಿ.ಪಿ.ಎಲ್. ಕುಟುಂಬಕ್ಕೆ 5 ಲಕ್ಷದವರೆಗೆ ಪೂರ್ತಿ ನೆರವು, ಎ.ಪಿ.ಎಲ್. ಆದರೆ ಆ ಚಿಕಿತ್ಸೆಗೆ ಯೋಜನೆಯಲ್ಲಿ ನಿಗದಿಯಾಗಿರುವ ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದೊಳಗೆ. ಈ ವಿಂಗಡಣೆ ರೇಷನ್ ಕಾರ್ಡಿನಿಂದಲೇ ಆಗುವುದರಿಂದ, ಇಲ್ಲಿ ಮನೆ ಮಾಡಿದೆವೆಂದು ಊರಿನ ರೇಷನ್ ಕಾರ್ಡಿನಿಂದ ತಾಯಿಯವರ ಹೆಸರು ತೆಗೆಸುವ ಮೊದಲು ವಿಮೆಯ ಗತಿಯೇನೆಂದು ವಿಚಾರಿಸಿ.

ನಿಮ್ಮ ಮನೆಗೆಲಸಕ್ಕೆ ಬರುವವರ ಬಗ್ಗೆಯೂ ಕೇಳಿದ್ದೀರಿ. ಅವರು ಇಲ್ಲಿಯವರಾದ್ದರಿಂದ ಕಾರುಣ್ಯ ಪದ್ಧತಿಯ ಕಾರ್ಡ್ ಇದೆಯೇ ಎಂದು ನೋಡಬೇಕು. ಇಲ್ಲದಿದ್ದರೆ, ಮತ್ತು ಕುಟುಂಬದ ವಾರ್ಷಿಕ ವರಮಾನ 3 ಲಕ್ಷ ರೂಪಾಯಿಯೊಳಗಿದ್ದರೆ, ಕೇರಳದ ಚಿಕಿತ್ಸಾ ನೆರವಿನ ನಿಧಿಯಾದ ಕಾರುಣ್ಯ ಬೆನೆವೊಲೆಂಟ್ ಫಂಡ್‌ಗೆ ಆಸ್ಪತ್ರೆಯ ಮೂಲಕವೇ ಅರ್ಜಿ ಹಾಕಬಹುದು. ಅವರ ಮಗ ಕಾರ್ಖಾನೆಯಲ್ಲಿ ತಿಂಗಳಿಗೆ 21,000 ರೂಪಾಯಿಯೊಳಗಿನ ಸಂಬಳಕ್ಕಿದ್ದು ಅದರಿಂದ ಇ.ಎಸ್.ಐ. (ನೌಕರರ ರಾಜ್ಯ ವಿಮೆ) ಕಡಿತವಾಗುತ್ತಿದ್ದರೆ ಅದು ಬೇರೆಯೇ ವಿಷಯ: ಸರಕಾರಿ ವಿಮೆಗಳಲ್ಲಿ ಒ.ಪಿ.ಯನ್ನೂ ನೋಡಿಕೊಳ್ಳುವುದು ಇ.ಎಸ್.ಐ., ಅದರ ಡಿಸ್ಪೆನ್ಸರಿಯಲ್ಲಿ ಅವಲಂಬಿತ ತಂದೆತಾಯಿಗಳಿಗೂ ಔಷಧಿ ಸಿಗುತ್ತದೆ. ಸಂಬಳದ ಚೀಟಿಯನ್ನು ಒಮ್ಮೆ ತೆಗೆದು ನೋಡಲು ಹೇಳಿ.

ಸದ್ಯಕ್ಕೆ ನೀವು ಮಾಡಬೇಕಾದುದು ಇಷ್ಟು. ತಾಯಿಯವರ ಆಧಾರ್, ಹಳೆಯ ಚೀಟಿಗಳು, ಮಾತ್ರೆಯ ಸ್ಟ್ರಿಪ್‌ಗಳು ಇವನ್ನು ಒಂದು ಚೀಲದಲ್ಲಿ ಹಾಕಿಕೊಂಡು ಪಂಚಾಯತಿನ ಆರೋಗ್ಯ ಕೇಂದ್ರಕ್ಕೆ ಹೋಗಿ. ಆಧಾರ್‌ನಲ್ಲಿ ಕರ್ನಾಟಕದ ವಿಳಾಸವಿದೆ ಎಂಬುದು ಒ.ಪಿ. ಚೀಟಿಗೆ ಅಡ್ಡಿಯಲ್ಲ. ಹೋಗುವ ಮೊದಲು ಏನಾದರೂ ಕೇಳಬೇಕಿದ್ದರೆ ಕೇರಳದ ‘ದಿಶ’ ಸಹಾಯವಾಣಿ 1056ಕ್ಕೆ ಕರೆ ಮಾಡಿ; ಕಾರ್ಡಿನ ಬಗ್ಗೆ ಕೇಳಲು ಆಯುಷ್ಮಾನ್ ಯೋಜನೆಯ 14555 ಇದೆ.