ಎಂಟು ದಿನದಲ್ಲಿ ಡಾರ್ಜಿಲಿಂಗ್, ಗ್ಯಾಂಗ್ಟಾಕ್, ಪೆಲ್ಲಿಂಗ್, ಲಾಚುಂಗ್ ಎಲ್ಲ ಆಗುತ್ತಾ?

ಅರವತ್ತು ದಾಟಿದ ಅಪ್ಪ ಅಮ್ಮನನ್ನು ಏಪ್ರಿಲ್‌ನಲ್ಲಿ ಕರೆದುಕೊಂಡು ಹೋಗಬೇಕು, ಎಂಟು ದಿನದಲ್ಲಿ ಡಾರ್ಜಿಲಿಂಗ್, ಸಿಕ್ಕಿಂನ ಗ್ಯಾಂಗ್ಟಾಕ್, ಪೆಲ್ಲಿಂಗ್, ಲಾಚುಂಗ್ ನಾಲ್ಕೂ ಊರು ಮುಗಿಯಬೇಕು, ಕಾಂಚನಜುಂಗಾ ಹಿಮಬೆಟ್ಟಾನೂ ಕಾಣಬೇಕು ಅಂತ ಕೇಳಿದ್ದೀರಿ. ಊರು ಸುತ್ತಿ ಬರಬಹುದು. ಆದರೆ ಬೆಟ್ಟ ಕಾಣದೇ ವಾಪಸ್ ಬರುವ ಸಾಧ್ಯತೆ ಜಾಸ್ತಿ. ನಾನು ಮೊದಲ ಸಲ ಹೆಚ್ಚೂಕಡಿಮೆ ಇದೇ ಪಟ್ಟಿ ಹಿಡಿದು ಅಪ್ಪ ಅಮ್ಮನ ಜೊತೆ ಹೋಗಿದ್ದೆ. ಬೆಟ್ಟ ಒಂದು ದಿನವೂ ಕಾಣಲಿಲ್ಲ.

ಏಪ್ರಿಲ್‌ನಲ್ಲಿ ಬೆಟ್ಟ ಕಾಣುವುದು ಹೆಚ್ಚಾಗಿ ಬೆಳ್ಳಂಬೆಳಿಗ್ಗೆ. ಎಂಟು ಒಂಬತ್ತು ಗಂಟೆಗೆಲ್ಲ ಕಣಿವೆಯಿಂದ ಮೋಡ ಎದ್ದು ಮುಚ್ಚಿಬಿಡುತ್ತದೆ. ಎಲ್ಲ ದಿನವೂ ಕಾಣುವುದಿಲ್ಲ. ದಿನಕ್ಕೊಂದು ಊರು ಬದಲಿಸುತ್ತಾ ಹೋದರೆ ಆ ಬೆಳಗಿನ ಹೊತ್ತು ಬ್ಯಾಗ್ ಕಟ್ಟುವುದರಲ್ಲೇ ಮುಗಿದುಹೋಗುತ್ತದೆ. ಅದಕ್ಕೇ ಹೇಳುವುದು, ಒಂದೇ ಊರಲ್ಲಿ ಮೂರು ಬೆಳಗು ಇರಿ.

ದಾರಿಯನ್ನು ಕಿಲೋಮೀಟರಿನಲ್ಲಿ ಲೆಕ್ಕ ಹಾಕಬೇಡಿ. ನಮ್ಮ ಆಗುಂಬೆ ಘಾಟಿ ಅರ್ಧ ಗಂಟೆಗೆ ಮುಗಿಯುತ್ತದೆ. ಅಲ್ಲಿ ಇಡೀ ದಿನ ಘಾಟಿಯೇ. ಡಾರ್ಜಿಲಿಂಗ್‌ನಿಂದ ಗ್ಯಾಂಗ್ಟಾಕ್ ಸುಮಾರು 100 ಕಿಲೋಮೀಟರ್, ನಾಲ್ಕೈದು ಗಂಟೆ ಬೇಕು. ಗ್ಯಾಂಗ್ಟಾಕ್‌ನಿಂದ ಲಾಚುಂಗ್‌ಗೆ ದಾರಿ ಚೆನ್ನಾಗಿದ್ದರೂ ಐದಾರು ಗಂಟೆ. 2023ರ ಅಕ್ಟೋಬರ್‌ನಲ್ಲಿ ದಕ್ಷಿಣ ಲೋನಾಕ್ ಸರೋವರ ಒಡೆದು ತೀಸ್ತಾ ನದಿ ಉಕ್ಕಿತಲ್ಲ, ಲಾಚುಂಗ್ ದಾರಿಯಲ್ಲಿದ್ದ ಚುಂಗ್‌ಥಾಂಗ್ ಅಣೆಕಟ್ಟೇ ಕೊಚ್ಚಿಹೋಯಿತು. ಆ ಕಣಿವೆಯ ರಸ್ತೆ ತುಂಬಾ ಪೆಟ್ಟು ತಿಂದಿದೆ. ವಯಸ್ಸಾದವರ ಜೊತೆ ಈ ಸಲ ಲಾಚುಂಗ್ ಬಿಡಿ.

ಗ್ಯಾಂಗ್ಟಾಕ್ ಕೂಡ ಬಿಡಿ ಅಂತೀನಿ, ಬೇಜಾರು ಮಾಡ್ಕೋಬೇಡಿ. ಅಲ್ಲಿಗೆ ಹೋದರೆ ಚೀನಾ ಗಡಿಯ ನಾಥುಲಾ ಕಣಿವೆದಾರಿಗೆ, ಸೊಂಗೊ ಸರೋವರಕ್ಕೆ ಹೋಗದೇ ಇರಲು ಮನಸ್ಸು ಒಪ್ಪುವುದಿಲ್ಲ. ಗ್ಯಾಂಗ್ಟಾಕ್ ಇರುವುದು ಸುಮಾರು 1,650 ಮೀಟರ್ ಎತ್ತರದಲ್ಲಿ, ಸೊಂಗೊ 3,753 ಮೀಟರ್. ಎರಡು ಗಂಟೆಯಲ್ಲಿ ಎರಡು ಸಾವಿರ ಮೀಟರ್ ಮೇಲೆ! ನಮ್ಮಪ್ಪ ಅಲ್ಲಿ ಕಾರಿನಿಂದ ಇಳಿದು ಹತ್ತು ಹೆಜ್ಜೆ ಹಾಕಿ, ತಲೆ ಹಿಡಿದುಕೊಂಡು ಕಲ್ಲಿನ ಮೇಲೆ ಕೂತುಬಿಟ್ಟರು. ವಾಂತಿಯೂ ಆಯಿತು. ಡ್ರೈವರ್ ಒಂದು ಮಾತೂ ಆಡದೆ ಗಾಡಿ ತಿರುಗಿಸಿ ಕೆಳಗೆ ಇಳಿಸಿದ. ಸಂಜೆಗೆ ಅಪ್ಪ ಸರಿಹೋದರು. ಆದರೆ ಅವರನ್ನು ಅಲ್ಲಿಗೆ ಓಡಿಸಿಕೊಂಡು ಹೋದದ್ದು ನನ್ನದೇ ತಪ್ಪು.

ಎರಡನೇ ಸಲ ಹೋದ ಕ್ರಮವನ್ನೇ ನಿಮಗೂ ಹೇಳುತ್ತೇನೆ. ಬೆಂಗಳೂರಿನಿಂದ ಸಿಲಿಗುರಿ ಹತ್ತಿರದ ಬಾಗ್ಡೋಗ್ರಾಕ್ಕೆ ವಿಮಾನ. ಆ ರಾತ್ರಿ ಡಾರ್ಜಿಲಿಂಗ್ ದಾರಿಯಲ್ಲೇ ಸಿಗುವ ಕರ್ಸಿಯಾಂಗ್‌ನಲ್ಲಿ ಉಳಿಯಿರಿ. ಅದು ಸುಮಾರು 1,450 ಮೀಟರ್, ದೇಹ ನಿಧಾನವಾಗಿ ಹೊಂದಿಕೊಳ್ಳುತ್ತದೆ. ಡಾರ್ಜಿಲಿಂಗ್‌ನ ಪುಟ್ಟ ರೈಲು (ಟಾಯ್ ಟ್ರೈನ್) ಅಲ್ಲಿ ಪೇಟೆ ಮಧ್ಯೆಯೇ, ಅಂಗಡಿ ಬಾಗಿಲಿಗೆ ತಾಗುವ ಹಾಗೆ ಹೋಗುತ್ತದೆ. 1881ರಲ್ಲಿ ಶುರುವಾದ ಹಳಿ, ಅಗಲ ಬರೀ ಎರಡು ಅಡಿ. ಸಿಲಿಗುರಿಯಿಂದ ಪೂರ್ತಿ ದೂರ ಅದರಲ್ಲಿ ಹೋಗಬೇಡಿ, ಏಳೆಂಟು ಗಂಟೆ ಕೂತು ಅಮ್ಮನ ಸೊಂಟ ಹಿಡಿದುಕೊಳ್ಳುತ್ತದೆ. ಡಾರ್ಜಿಲಿಂಗ್‌ನಿಂದ ಘೂಮ್‌ಗೆ ಹೋಗಿ ಬರುವ ಎರಡು ಗಂಟೆಯ ಸುತ್ತು ಸಾಕು. ಘೂಮ್ 2,258 ಮೀಟರ್, ಭಾರತದ ಅತಿ ಎತ್ತರದ ರೈಲು ನಿಲ್ದಾಣ. ನಮ್ಮ ಮುಳ್ಳಯ್ಯನಗಿರಿಯ ತುದಿಯೇ 1,930 ಮೀಟರ್, ಅಲ್ವಾ? ಅದಕ್ಕಿಂತ ಮೇಲೆ ರೈಲು ಹತ್ತುತ್ತದೆ.

ಆಮೇಲೆ ಡಾರ್ಜಿಲಿಂಗ್‌ನಲ್ಲಿ ಮೂರು ರಾತ್ರಿ. ರೂಮು ಊರಿನ ಮುಖ್ಯ ಚೌಕವಾದ ಚೌರಸ್ತಾಕ್ಕೆ ನಡೆಯುವಷ್ಟು ಹತ್ತಿರ ಇರಲಿ. ಸೂರ್ಯೋದಯ ನೋಡಲು ಎಲ್ಲರೂ ಹೋಗುವ ಟೈಗರ್ ಹಿಲ್‌ಗೆ ಬೆಳಗಿನ ಜಾವ ಮೂರೂವರೆಗೆ ಎಬ್ಬಿಸಿಕೊಂಡು ಹೋಗಲೇಬೇಕು ಅಂತೇನಿಲ್ಲ. ಚೌರಸ್ತಾದಿಂದ ಮಹಾಕಾಲ ದೇವಸ್ಥಾನದ ಗುಡ್ಡವನ್ನು ಸುತ್ತುವ ಮಾಲ್ ರೋಡ್ ಇದೆ. ಅದರ ಹಿಂಭಾಗದಿಂದಲೂ ಬೆಟ್ಟ ನೇರ ಎದುರಿಗೆ. ಏಪ್ರಿಲ್‌ನಲ್ಲಿ ಐದೂಕಾಲಿಗೆಲ್ಲ ಸೂರ್ಯ ಬರುತ್ತಾನೆ, ಐದಕ್ಕೆ ಅಲ್ಲಿರಿ.

ನಮಗೆ ಮೊದಲ ಎರಡು ಬೆಳಿಗ್ಗೆ ಬರೀ ಬಿಳಿ ಮಂಜು. ಮೂರನೇ ದಿನ ಅಮ್ಮ "ಇವತ್ತೂ ಸುಮ್ನೆ ಎದ್ದೆವು" ಅಂತ ಶಾಲು ಬಿಗಿ ಮಾಡಿಕೊಂಡು ನಿಂತಿದ್ದರು. ಇಬ್ಬರೂ ಎದುರಿನ ನೀಲಿ ಗುಡ್ಡದ ಸಾಲನ್ನೇ ನೋಡುತ್ತಿದ್ದೆವು. ಅದರ ಮೇಲೆ ಮೋಡ, ಅಷ್ಟೇ. ವಾಕಿಂಗ್ ಬಂದಿದ್ದ ಅಲ್ಲಿಯ ಅಜ್ಜ ಒಬ್ಬರು ನಿಂತರು. ಕೋಲಿನಿಂದ ಆಕಾಶದ ಕಡೆ ತೋರಿಸಿ "ಮಾಥಿ, ಮಾಥಿ" ಅಂದರು. ನೇಪಾಳಿಯಲ್ಲಿ ಮಾಥಿ ಅಂದರೆ ಮೇಲೆ. ಕತ್ತು ಎತ್ತಿದೆವು. ಮೋಡದ ಮೇಲೆ, ನಾವು ಆಕಾಶ ಅಂದುಕೊಂಡಿದ್ದ ಜಾಗದಲ್ಲಿ, ತುದಿಗಳು ತಿಳಿಗೆಂಪಾಗಿ ನಿಂತಿದ್ದವು. ನಾವು ಅಷ್ಟು ಹೊತ್ತೂ ತೀರಾ ಕೆಳಗೆ ಹುಡುಕುತ್ತಿದ್ದೆವು. ಅಮ್ಮ ಚಪ್ಪಲಿ ಬಿಟ್ಟು, ಆ ಚಳಿಯಲ್ಲಿ, ಕೈ ಮುಗಿದರು. ಫ್ಲಾಸ್ಕಿನಿಂದ ಬಗ್ಗಿಸಿ ಕೊಟ್ಟ ಚಹಾ ಕಟ್ಟೆ ಮೇಲೆ ಹಾಗೇ ಆರಿಹೋಯಿತು.

ಅಲ್ಲಿಯವರಿಗೂ ಅದು ದೇವರೇ. ಹೆಸರಿನ ಅರ್ಥ ಹಿಮದ ಐದು ಭಂಡಾರ. ಎತ್ತರ 8,586 ಮೀಟರ್. 1955ರಲ್ಲಿ ಮೊದಲ ಸಲ ಹತ್ತಿದ ಜೋ ಬ್ರೌನ್, ಜಾರ್ಜ್ ಬ್ಯಾಂಡ್ ಸಿಕ್ಕಿಂ ಜನರ ಮಾತಿಗೆ ಬೆಲೆ ಕೊಟ್ಟು ತುತ್ತತುದಿಗೆ ಕಾಲಿಡದೆ ಕೆಲವೇ ಅಡಿ ಕೆಳಗೆ ನಿಂತರು. ಅಪ್ಪನಿಗೆ ಈ ಕತೆ ಅಲ್ಲೇ ನಿಂತು ಹೇಳಿ.

ಕೊನೆಯ ಮೂರು ರಾತ್ರಿ ಪೆಲ್ಲಿಂಗ್. ಬೆಟ್ಟ ಇನ್ನೂ ಹತ್ತಿರ. ಪೆಮಯಾಂಗ್ತ್ಸೆ ಮಠದ ಮೇಲಿನ ಮಹಡಿಯಲ್ಲಿ ಮರದಲ್ಲಿ ಕೆತ್ತಿದ ಏಳು ಅಂತಸ್ತಿನ ಸ್ವರ್ಗ ಇದೆ, ತಪ್ಪಿಸಬೇಡಿ. ಅದರ ಹತ್ತಿರವೇ ರಬ್ದೆನ್ತ್ಸೆ, ಸಿಕ್ಕಿಂನ ಹಳೇ ರಾಜಧಾನಿ. ಕಾಡಿನೊಳಗೆ ಇಪ್ಪತ್ತು ನಿಮಿಷ ನಡೆಯಬೇಕು, ಏರು ಸ್ವಲ್ಪ ಇದೆ. ಅಪ್ಪ ನಿಧಾನಕ್ಕೆ ನಡೆದರೆ ಆಗುತ್ತದೆ.

ಊಟದ ಚಿಂತೆ ಬೇಡ. ಅನ್ನ, ಬೇಳೆ, ಪಲ್ಯ ಎಲ್ಲ ಕಡೆ ಸಿಗುತ್ತದೆ, ಮೊಮೊ ತಿನ್ನದಿದ್ದರೂ ನಡೆಯುತ್ತದೆ. ಶೇರ್ ಜೀಪಿನಲ್ಲಿ ಹೋಗುವುದಾದರೆ ಮೂವರಿಗೆ ಮಧ್ಯದ ಸಾಲಿನ ನಾಲ್ಕೂ ಸೀಟು ತಗೊಳ್ಳಿ, ಮಂಡಿ ಚಾಚಲು ಜಾಗ ಆಗುತ್ತದೆ. ಡಾರ್ಜಿಲಿಂಗ್‌ನಲ್ಲಿ ಬೇಸಿಗೆಗೆ ನೀರಿನ ಕಷ್ಟ ಇದೆ, ಎಷ್ಟೋ ಕಡೆ ಟ್ಯಾಂಕರ್ ನೀರು. ಬಕೆಟ್ ಸ್ನಾನ ಮಾಡಿ.

ಟಿಕೆಟ್ ಇನ್ನೂ ಮಾಡಿಲ್ಲ ಅಂದರೆ ನವೆಂಬರ್‌ಗೆ ಬದಲಿಸಲು ಆಗುತ್ತಾ ನೋಡಿ, ಆಗ ಆಕಾಶ ಏಪ್ರಿಲ್‌ಗಿಂತ ಎಷ್ಟೋ ತಿಳಿ. ಏಪ್ರಿಲ್ಲೇ ಆಗಬೇಕು ಅಂದರೆ ಗುರಾಂಸ್ (ರೋಡೋಡೆಂಡ್ರಾನ್) ಹೂವಿನ ಕಾಲ, ಗುಡ್ಡದಲ್ಲಿ ಮರ ಮರವೇ ಕೆಂಪಾಗಿರುತ್ತದೆ. ಅಪ್ಪನಿಗೆ ಬಿಪಿ, ಹೃದಯದ ತೊಂದರೆ ಏನಾದರೂ ಇದ್ದರೆ ಮೊದಲು ಡಾಕ್ಟರನ್ನು ಕೇಳಿ. ಅಮ್ಮನಿಗೆ ಎರಡು ಜೊತೆ ಉಣ್ಣೆಯ ಕಾಲುಚೀಲ ಇರಲಿ.